ನೇರಳಗುಡ್ಡೆಯ ಇಂಗ್ಲಿಷ್ ಅರ್ಜಿ

ಮೀಂಜ ಪಂಚಾಯತಿನ ನೇರಳಗುಡ್ಡೆಯಲ್ಲಿ ಸರಕಾರಕ್ಕೆ ಎಂತ ಬರೆಯುವುದಿದ್ದರೂ ಇಂಗ್ಲಿಷಿನಲ್ಲೇ ಬರೆಯುವುದು. ಇದು ಇಂಗ್ಲಿಷಿನ ಮೇಲಿನ ಪ್ರೀತಿಯಿಂದ ಬಂದ ಕ್ರಮ ಅಲ್ಲ. ಊರು ಕನ್ನಡದ್ದು, ಸರಕಾರ ಮಲಯಾಳದ್ದು. ಕನ್ನಡದಲ್ಲಿ ಬರೆದರೆ ಅರ್ಜಿ ಮೊದಲು ಭಾಷಾಂತರಕ್ಕೆ ಹೋಗುತ್ತದೆ, ಹೋದದ್ದು ಅಲ್ಲೇ ಸುಖವಾಗಿ ಇದ್ದುಬಿಡುತ್ತದೆ ಎಂದು ಊರಿನವರ ನಂಬಿಕೆ. ಮಲಯಾಳದಲ್ಲಿ ಬರೆಯೋಣ ಎಂದರೆ ಬರೆಯಲು ಬರುವವರು ಕಡಿಮೆ. ಬರುವವರೂ ಬರೆಯುವುದಿಲ್ಲ, ಯಾಕೆಂದರೆ ಇಲ್ಲಿಯ ಹೆಚ್ಚಿನ ಅರ್ಜಿಗಳು ನಮಗೆ ಮಲಯಾಳ ಬರುವುದಿಲ್ಲ ಎಂಬ ವಿಷಯಕ್ಕೇ ಸಂಬಂಧಪಟ್ಟವು. ಹಾಗಾಗಿ ಉಳಿದದ್ದು ಇಂಗ್ಲಿಷ್. ಅದು ಬರೆಯುವವರಿಗೂ ಪೂರ್ತಿ ಬರುವುದಿಲ್ಲ, ಓದುವವರಿಗೂ ಪೂರ್ತಿ ಬರುವುದಿಲ್ಲ. ಆ ಲೆಕ್ಕದಲ್ಲಿ ಅದೊಂದು ನ್ಯಾಯವಾದ ಭಾಷೆ.

ಈ ಅರ್ಜಿಗಳನ್ನೆಲ್ಲ ಟೈಪ್ ಮಾಡುವುದು ಸೌಮ್ಯಶ್ರೀ. ಶಾಲೆಯ ದಾರಿಯಲ್ಲಿ ಬಸ್ಸು ನಿಲ್ಲುವಲ್ಲಿ ಅವಳ ಝೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಮೆಷಿನು, ಲ್ಯಾಮಿನೇಶನ್ನಿನ ಒಂದು ಪೆಟ್ಟಿಗೆ. ಗಂಡ ಪುರಂದರ ಜೆಸಿಬಿ ಓಡಿಸುತ್ತಾನೆ, ಕೆಲಸ ಇದ್ದಲ್ಲಿ ಇರುತ್ತಾನೆ. ಸೌಮ್ಯಶ್ರೀಗೆ ಮನೆಯಲ್ಲಿ ತುಳು, ಕಲಿತದ್ದು ಕನ್ನಡ, ಅಂಗಡಿಯಲ್ಲಿ ಯಾರು ಎಂತ ಮಾತಾಡುತ್ತಾರೋ ಅದು. ಇಂಗ್ಲಿಷು ಅವಳ ಬೆರಳಿಗೆ ಗೊತ್ತು, ಬಾಯಿಗೆ ಅಷ್ಟು ಗೊತ್ತಿಲ್ಲ. ಬೇರೆಯವರು ಬರೆದುಕೊಟ್ಟದ್ದನ್ನು ಅವಳು ಹೊಡೆಯುತ್ತಿದ್ದಳು, ಅದರ ಒಳಗೆ ಕೈ ಹಾಕುತ್ತಿರಲಿಲ್ಲ.

ಈ ಸಲದ ಅರ್ಜಿ ಮಾತ್ರ ಅವಳದ್ದೇ. ಮಗಳು ಅನ್ವಿತಾ ಊರಿನ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ. ಒಂಬತ್ತನೆಯ ವರೆಗೆ ಲೆಕ್ಕದಲ್ಲಿ ಮುಂದೆ ಇದ್ದ ಹುಡುಗಿ. ಪ್ಲಸ್ ಟುವಿನಲ್ಲಿ ಸೈನ್ಸ್ ತೆಗೆದುಕೊಳ್ಳುತ್ತೇನೆ ಎಂದು ಅವಳು ಹೇಳಿಯಾಗಿತ್ತು, ಮನೆಯಲ್ಲಿ ಎಲ್ಲರೂ ಹೌದು ಎಂದೂ ಆಗಿತ್ತು. ಅಷ್ಟರಲ್ಲಿ ಹಳೆಯ ಲೆಕ್ಕದ ಮಾಸ್ಟ್ರು ನಿವೃತ್ತರಾದರು. ಜೂನಿನಲ್ಲಿ ಅವರ ಜಾಗಕ್ಕೆ ಕೊಲ್ಲಂ ಕಡೆಯಿಂದ ಪ್ರಸೀದ ಟೀಚರ್ ಬಂದರು. ಟೀಚರಿಗೆ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕನ್ನಡದ ಒಂದು ಅಕ್ಷರವೂ ಗೊತ್ತಿರಲಿಲ್ಲ. ಇದು ಅವರ ತಪ್ಪಲ್ಲ, ಮೇಲಿನ ಆಫೀಸಿನವರು ಎಲ್ಲಿಗೆ ಹೋಗಿ ಎಂದರೆ ಅಲ್ಲಿಗೆ ಬಂದವರು ಅವರು. ಮಕ್ಕಳ ತಪ್ಪೂ ಅಲ್ಲ. ಟೀಚರ್ ಬೋರ್ಡಿನಲ್ಲಿ ಬರೆದದ್ದನ್ನು ಮಕ್ಕಳು ಹಾಗೆಯೇ ಇಳಿಸಿಕೊಳ್ಳುತ್ತಿದ್ದರು, ನಡುವೆ ಹೇಳಿದ್ದು ಗಾಳಿಗೆ ಹೋಗುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಅನ್ವಿತಾ ಉತ್ತರ ಎಲ್ಲ ಬರೆದಿದ್ದಳು, ದಾರಿ ಒಂದನ್ನೂ ಬರೆದಿರಲಿಲ್ಲ. ದಾರಿ ಹೇಳಿದ್ದು ಅವಳಿಗೆ ಅರ್ಥವಾಗಿರಲಿಲ್ಲ, ಉತ್ತರ ಪಕ್ಕದವಳದ್ದು.

ಮಗಳು ಕಾಪಿ ಹೊಡೆದಳು ಎಂಬುದಕ್ಕಿಂತ, ಮುಚ್ಚಿಡದೆ ಅದನ್ನು ಹೇಳಿದಳಲ್ಲ, ಆ ಹೇಳಿದ ಕ್ರಮಕ್ಕೆ ಸೌಮ್ಯಶ್ರೀಗೆ ಹೆದರಿಕೆಯಾಯಿತು. ಇನ್ನು ಸೈನ್ಸ್ ಎಲ್ಲ ಬೇಡ ಅಮ್ಮ, ಎಂತ ಸಿಗ್ತದೋ ಅದಕ್ಕೆ ಸೇರುವ ಎಂದು ಊಟ ಮಾಡುತ್ತಾ ಹೇಳಿದ್ದಳು, ಪಲ್ಯ ಬೇಡ ಎನ್ನುವ ಹಾಗೆ.

ಹೀಗೆ ಕನ್ನಡ ಬರುವ ಲೆಕ್ಕದ ಟೀಚರು ಬೇಕು ಎಂಬ ಅರ್ಜಿ ಹುಟ್ಟಿತು. ಬರೆಯುವುದಕ್ಕೆ ಇಬ್ಬರು ಮುಂದೆ ಬಂದರು. ಒಬ್ಬರು ಹಳೆ ವಿದ್ಯಾರ್ಥಿ ಸಂಘದ ವೆಂಕಟಕೃಷ್ಣ ಭಟ್ಟರು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಇನ್ನೊಬ್ಬರು ಪಿಟಿಎ ಅಧ್ಯಕ್ಷ ಕಜೆತಾನ್, ಮಸ್ಕತ್ತಿನಲ್ಲಿ ಒಂದು ಕಂಪೆನಿಯ ಸ್ಟೋರ್ ನೋಡಿಕೊಂಡಿದ್ದು ಊರಿಗೆ ಬಂದವರು. ಅವರ ಮಗ ಡಿಯೋನ್ ಅನ್ವಿತಾಳ ಕ್ಲಾಸಿನವನೇ. ಇಬ್ಬರಿಗೂ ಇಂಗ್ಲಿಷ್ ಬರುತ್ತಿತ್ತು. ಆದರೆ ಭಟ್ಟರದ್ದು ಬ್ಯಾಂಕಿನ ಇಂಗ್ಲಿಷು, ಕಜೆತಾನರದ್ದು ಈಮೇಲಿನ ಇಂಗ್ಲಿಷು. ಒಂದು ಇನ್ನೊಂದಕ್ಕೆ ತಾಗುತ್ತಿರಲಿಲ್ಲ.

ಭಟ್ಟರ ಮೊದಲ ವಾಕ್ಯ ಸಾಹೇಬರ ದಿವ್ಯ ಸನ್ನಿಧಿಗೆ ನಮಸ್ಕಾರ ಹಾಕುವುದರಿಂದ ಸುರುವಾಗಿ, ಊರಿನ ಇತಿಹಾಸ, ಶಾಲೆಯ ಸ್ಥಾಪನೆ, ಭಾಷಾ ಅಲ್ಪಸಂಖ್ಯಾತರ ಕಷ್ಟ ಎಲ್ಲವನ್ನೂ ಹಾದು, ಪುಟದ ಕೆಳಗೆ ಬಂದು ಮುಗಿಯುತ್ತಿತ್ತು. ಕ್ರಿಯಾಪದ ಅಷ್ಟು ಹೊತ್ತು ಎಲ್ಲಿತ್ತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಖ್ಯ ಎಂದು ಕಂಡ ಶಬ್ದಕ್ಕೆಲ್ಲ ಅವರು ದೊಡ್ಡಕ್ಷರ ಹಾಕುತ್ತಿದ್ದರು. ಅವರಿಗೆ ಎಲ್ಲವೂ ಮುಖ್ಯ. ಕೊನೆಗೆ 'ಕೈಂಡ್ಲಿ ಡೂ ದ ನೀಡ್‌ಫುಲ್'. ಇಡೀ ಜನ್ಮದಲ್ಲಿ ಆ ಮಾತಿಲ್ಲದೆ ಒಂದು ಕಾಗದವನ್ನೂ ಅವರು ಕಳಿಸಿದವರಲ್ಲ.

ಕಜೆತಾನ್ ಅದನ್ನು ಓದಿ, 'ಡಿಸ್ಕಸ್ ಅಬೌಟ್' ಅಂತ ಬರೆದಿದ್ದೀರಿ ಭಟ್ರೇ, ಡಿಸ್ಕಸ್ ಅಂದರೆ ಸಾಕು, ಅಬೌಟ್ ಅದರ ಒಳಗೇ ಉಂಟು ಎಂದರು. ಮಸ್ಕತ್ತಿನ ಮ್ಯಾನೇಜರ್ ಒಮ್ಮೆ ಇದಕ್ಕಾಗಿ ತನ್ನನ್ನು ಎಲ್ಲರೆದುರು ನಿಲ್ಲಿಸಿದ್ದನಂತೆ. ಮತ್ತೆ ತಾವೇ ಒಂದು ಬರೆದು ತಂದರು. ಅದು 'ಆಸ್ ಪರ್ ದ ಸಬ್ಜೆಕ್ಟ್ ಮೆನ್ಶನ್ಡ್ ಅಬೋವ್' ಎಂದು ಸುರುವಾಗಿ 'ಪ್ಲೀಸ್ ರಿವರ್ಟ್ ಬ್ಯಾಕ್' ಎಂದು ಮುಗಿಯುತ್ತಿತ್ತು. ನಡುವೆ, ಲಗತ್ತಿಸಿದ್ದನ್ನು ನೋಡಿ ಎಂಬ ಒಂದು ಮಾತು. ಲಗತ್ತಿಸಲು ಎಂತದ್ದೂ ಇರಲಿಲ್ಲ. ಭಟ್ಟರು ಕನ್ನಡಕ ಏರಿಸಿ, ರಿವರ್ಟ್ ಅಂದರೇ ಹಿಂದೆ ಹೋಗುವುದು, ಮತ್ತೆ ಬ್ಯಾಕ್ ಯಾಕೆ ಕಜೆತಾನರೇ, ಇನ್ನೂ ಹಿಂದೆ ಎಲ್ಲಿಗೆ ಹೋಗುವುದು ಎಂದು ಕೇಳಿದರು. 'ಸಿನ್ಸ್ ಟೂ ಮಂತ್ಸ್' ತಪ್ಪು, 'ಫಾರ್' ಆಗಬೇಕು ಎಂದೂ ಹೇಳಿದರು. ಹೇಳಿದ್ದು ಸರಿಯೇ ಇತ್ತು. ಅದೇ ತಪ್ಪು ಅವರ ಅರ್ಜಿಯಲ್ಲಿ ಬೇರೆ ಬೇರೆ ಕಡೆ ಇದ್ದುದು ಅವರಿಗೆ ಕಾಣಲಿಲ್ಲ.

ಹೀಗೆ ಇಬ್ಬರೂ ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಾ ಹೋದರು. ತಿದ್ದಿದ್ದು ಅಂಗಡಿಗೆ ಬರುವುದು, ಸೌಮ್ಯಶ್ರೀ ಹೊಡೆಯುವುದು, ಪ್ರಿಂಟು ಹೋಗುವುದು, ಮತ್ತೆ ತಿದ್ದಿ ಬರುವುದು. ಅರ್ಜಿ ಒಂದು ಪುಟ ಇದ್ದದ್ದು ಮೂರಾಯಿತು. ಬಿಟ್ಟುಕೊಡುವುದು ಇಬ್ಬರಿಗೂ ಮರ್ಯಾದೆಯ ಪ್ರಶ್ನೆ ಆದ್ದರಿಂದ, ಭಟ್ಟರ ಒಂದು ವಾಕ್ಯ ಉಳಿದರೆ ಕಜೆತಾನರ ಒಂದು ವಾಕ್ಯ ಉಳಿಯಬೇಕು ಎಂದು ಮಾತಾಯಿತು. ಹಾಗೆ ಒಂದೇ ವಿಷಯ ಎರಡು ಸಲ ಬಂತು, ಒಂದು ಸಲ ಬೇಡಿಕೊಳ್ಳುವ ಹಾಗೆ, ಇನ್ನೊಂದು ಸಲ ಸಾಮಾನು ಬರಲಿಲ್ಲ ಎಂದು ದೂರು ಕೊಡುವ ಹಾಗೆ. ಅಷ್ಟರಲ್ಲಿ ಶಾಲೆಯಲ್ಲಿ ಇನ್ನೊಂದು ಪಾಠ ಮುಗಿದಿತ್ತು. ಅನ್ವಿತಾ ಪುಸ್ತಕಕ್ಕೆ ಹೊಸ ಬೈಂಡು ಹಾಕಿದ್ದಳು, ಒಳಗೆ ನೋಡಿರಲಿಲ್ಲ.

"ಒಮ್ಮೆ ಕಳಿಸುವ ಮಾಸ್ತರೇ, ತಪ್ಪಿದ್ದರೆ ಇರಲಿ" ಎಂದು ಸೌಮ್ಯಶ್ರೀ ಹೇಳಿ ನೋಡಿದಳು. ಭಟ್ಟರನ್ನು ಅವಳು ಮಾಸ್ತರು ಎಂದೇ ಕರೆಯುವುದು, ಕಲಿಸಿದವರಲ್ಲದಿದ್ದರೂ.

"ತಪ್ಪು ಇಂಗ್ಲಿಷಿನಲ್ಲಿ ಒಳ್ಳೆ ಟೀಚರು ಬೇಕು ಅಂತ ಕೇಳಿದರೆ ಅವರು ನಗುದಿಲ್ವಾ ಸೌಮ್ಯಾ?" ಎಂದರು ಭಟ್ಟರು. ಸೌಮ್ಯಶ್ರೀ ಮುಂದಿನ ಪ್ರಿಂಟಿಗೆ ಹಾಳೆ ಹಾಕಿದಳು.

ನೇರಳಗುಡ್ಡೆಯಲ್ಲಿ ಇನ್ನೊಂದು ಕ್ರಮ ಉಂಟು. ಊರಿನಿಂದ ಹೊರಗೆ ಹೋಗುವ ಇಂಗ್ಲಿಷನ್ನು, ಹೋಗುವ ಮೊದಲು, ಶಾಲೆಯ ಯಾರಾದರೂ ಒಬ್ಬ ಟೀಚರಿಗೆ ತೋರಿಸುವುದು. ಪಾಸ್‌ಪೋರ್ಟಿನ ಕಾಗದ ಆಗಲಿ, ಮದುವೆಯ ಕರೆಯೋಲೆ ಆಗಲಿ, ಟೀಚರು ನೋಡಿದರು ಎಂದರೆ ಮತ್ತೆ ಯಾರೂ ಮಾತಾಡುವ ಹಾಗಿಲ್ಲ. ಭಟ್ಟರೂ ಕಜೆತಾನರೂ ಕೊನೆಗೆ ಒಪ್ಪಿದ್ದು ಇದೊಂದಕ್ಕೆ. ಆದರೆ ಶಾಲೆಯಲ್ಲಿ ಇಂಗ್ಲಿಷ್ ಟೀಚರ ಹುದ್ದೆ ಖಾಲಿ. ಡ್ರಿಲ್ ಮಾಸ್ಟ್ರು ಇಂಗ್ಲಿಷ್ ಪಾಠ ಮಾಡುತ್ತಿದ್ದರು, ಅದೂ ಮಳೆ ಬಂದ ದಿನ. ಕನ್ನಡದ ಟೀಚರು, ನನ್ನನ್ನು ಬಿಟ್ಟುಬಿಡಿ ಎಂದರು. ಉಳಿದವರಲ್ಲಿ ಇಂಗ್ಲಿಷ್ ಸರಿಯಾಗಿ ಬರುವವರು ಒಬ್ಬರೇ. ಕಾಲೇಜು, ಬಿ.ಎಡ್. ಎಲ್ಲ ಇಂಗ್ಲಿಷಿನಲ್ಲೇ ಮಾಡಿದವರು. ಪ್ರಸೀದ ಟೀಚರ್.

ಇದರಲ್ಲಿ ಎಂತಾದರೂ ವಿಚಿತ್ರ ಉಂಟು ಎಂದು ಇಬ್ಬರಿಗೂ ಅನಿಸಲಿಲ್ಲ. ಅರ್ಜಿ ಹುದ್ದೆಯ ಬಗ್ಗೆ, ಮನುಷ್ಯರ ಬಗ್ಗೆ ಅಲ್ಲ ಎಂದು ಕಜೆತಾನ್ ಹೇಳಿದರು. ಕ್ರಮ ಕ್ರಮವೇ ಎಂದು ಭಟ್ಟರು ಹೇಳಿದರು. ತೆಗೆದುಕೊಂಡು ಹೋಗುವುದು ಯಾರು ಎನ್ನುವಾಗ ಮಾತ್ರ ಇಬ್ಬರಿಗೂ ಬೇರೆ ಕೆಲಸ ನೆನಪಾಯಿತು. ಕಜೆತಾನ್ ಹೋಗುವ ಹಾಗಿರಲಿಲ್ಲ, ಟೀಚರ್ ಬಾಡಿಗೆಗೆ ಇದ್ದದ್ದು ಅವರದ್ದೇ ಮನೆಯ ಹಿಂದಿನ ಕೋಣೆಯಲ್ಲಿ. ಅವರ ಹೆಂಡತಿ ಡೈಸಿ ದಿನಾ ಅಲ್ಲಿಗೆ ಸಾರು ಕಳಿಸುತ್ತಿದ್ದಳು. ಬೆಳಿಗ್ಗೆ ಸಾರು, ಸಂಜೆ ಅರ್ಜಿ ಎಂದರೆ ಆಗುವುದಿಲ್ಲ ಎಂದು ಡೈಸಿಯೇ ಗಂಡನಿಗೆ ಹೇಳಿದ್ದಳಂತೆ. ಒಂಟಿ ಹೆಂಗಸಿನ ಕೋಣೆಗೆ ತಾನು ಹೋಗುವುದು ಚಂದ ಅಲ್ಲ ಎಂದು ಭಟ್ಟರು. ಸೌಮ್ಯಶ್ರೀ ಶನಿವಾರ ಅಂಗಡಿ ಅರ್ಧ ಬಾಗಿಲು ಹಾಕಿ ಹೋದಳು.

ಟೀಚರ್ ಬಟ್ಟೆ ಮಡಚುತ್ತಿದ್ದರು. ಅವಳಿಗಿಂತ ಸಣ್ಣ ಪ್ರಾಯ. ಕುರ್ಚಿ ಒಂದೇ ಇದ್ದುದರಿಂದ ಅದನ್ನು ಕೊಟ್ಟು ತಾವು ಮಂಚದ ತುದಿಯಲ್ಲಿ ಕೂತರು. ಸೌಮ್ಯಶ್ರೀ ತನಗೆ ಬರುವ ಮಲಯಾಳದಲ್ಲಿ ಬಂದ ವಿಷಯ ಹೇಳಿದಳು. ಟೀಚರ್ ನಿಧಾನಕ್ಕೆ, ಅವಳಿಗೆ ತಿಳಿಯುವ ಹಾಗೆ ಬಿಡಿಸಿ ಮಾತಾಡಿದರು. ಅರ್ಜಿ ಎಂತದ್ದು ಎಂದು ಗೊತ್ತಾದ ಮೇಲೂ ಅವರ ಮುಖದಲ್ಲಿ ಹೆಚ್ಚು ಬದಲಾವಣೆ ಆಗಲಿಲ್ಲ. ಕೆಂಪು ಪೆನ್ನು ತೆಗೆದುಕೊಂಡರು.

ಮೊದಲ ಪುಟದಲ್ಲಿ ಪೆನ್ನು ನಿಲ್ಲದೆ ಓಡಿತು. ಅಬೌಟ್ ಹೋಯಿತು, ಬ್ಯಾಕ್ ಹೋಯಿತು, ಸಿನ್ಸ್ ಫಾರ್ ಆಯಿತು. ದೊಡ್ಡಕ್ಷರಗಳೆಲ್ಲ ಸಣ್ಣದಾದವು. ಎರಡನೆಯ ಪುಟದಲ್ಲಿ, ಮಕ್ಕಳಿಗೂ ಪೋಷಕರಿಗೂ ಮಲಯಾಳದ ಗಂಧವೂ ಇಲ್ಲ ಎಂದು ಭಟ್ಟರು ಬರೆದಲ್ಲಿ ಪೆನ್ನು ನಿಂತಿತು.

"ನಾವು ಈಗ ಯಾವ ಭಾಷೆಯಲ್ಲಿ ಮಾತಾಡ್ತಾ ಇದ್ದೇವೆ?" ಎಂದು ಕೇಳಿದರು ಟೀಚರ್.

"ಮೀನು ತೆಗೊಳ್ಳುವಷ್ಟು ಮಲಯಾಳ ನನಗೆ ಗೊತ್ತುಂಟು ಟೀಚರೇ. ಲೆಕ್ಕ ಕಲಿಯುವಷ್ಟು ಗೊತ್ತಿಲ್ಲ" ಎಂದಳು ಸೌಮ್ಯಶ್ರೀ. "ಮಗಳಿಗೂ ಅಷ್ಟೇ."

ಟೀಚರ್ ಭಟ್ಟರ ಆ ಸಾಲನ್ನು ಹೊಡೆದುಹಾಕಿದರು. ಇದನ್ನು ಯಾಕೆ ಬರೆಯಲಿಲ್ಲ, ಇಡೀ ಅರ್ಜಿಯಲ್ಲಿ ಬರೆಯಬೇಕಾದ್ದು ಇದೊಂದೇ ಇತ್ತು ಎಂದರು. ಮೂರನೆಯ ಪುಟವನ್ನೂ ಓದಿ ಮುಗಿಸಿ ಪೆನ್ನು ಮುಚ್ಚಿದರು. ಗ್ರಾಮರು ತಿದ್ದಬಹುದು, ಅದು ದೊಡ್ಡದಲ್ಲ ಎಂದರು. ಆದರೆ ನಿಮಗೆ ಎಂತ ಬೇಕು ಎಂದು ಇದರಲ್ಲಿ ಎಲ್ಲೂ ಇಲ್ಲ. ಊರಿನ ಇತಿಹಾಸ ಉಂಟು, ಸಾಹೇಬರ ಗುಣಗಾನ ಉಂಟು, ನೀಡ್‌ಫುಲ್ ಮಾಡಿ ಎಂದುಂಟು. ಯಾವುದು ನೀಡ್‌ಫುಲ್? ಕೊಟ್ಟ ಸಂಗತಿಗಳನ್ನೆಲ್ಲ ಬರೆದು, ಕಂಡುಹಿಡಿಯಿರಿ ಎಂಬುದನ್ನು ಬರೆಯದೆ ಬಿಟ್ಟ ಲೆಕ್ಕದ ಹಾಗೆ ಇದು. ಓದಿದವನು ಹೌದಪ್ಪ ಎಂದು ಬದಿಗಿಡುತ್ತಾನೆ.

ಸೌಮ್ಯಶ್ರೀ ನೆನಪು ಮಾಡಿಕೊಂಡಳು. ಅಷ್ಟು ಸಲ ಹೊಡೆದವಳು ಅವಳೇ. ಹೌದು, ಕನ್ನಡ ಬರುವ ಟೀಚರನ್ನು ಕಳಿಸಿ ಎಂಬ ಮಾತು ಮೊದಲ ಪ್ರತಿಯಲ್ಲಿತ್ತು. ಭಟ್ಟರ ವಾಕ್ಯವೋ ಕಜೆತಾನರ ವಾಕ್ಯವೋ ಎಂಬ ಚೌಕಾಸಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

ಟೀಚರ್ ಒಂದು ಬಿಳಿ ಹಾಳೆ ತೆಗೆದು ಬರೆಯತೊಡಗಿದರು. ಬರೆಯುತ್ತಾ ತಮ್ಮ ವಿಷಯವನ್ನೂ ಹೇಳಿದರು. ಗಂಡ ಗಲ್ಫಿನಲ್ಲಿ. ನಾಲ್ಕು ವರ್ಷದ ಮಗ ಕೊಲ್ಲಂನಲ್ಲಿ ಅಜ್ಜಿಯ ಹತ್ತಿರ. ಈಗೀಗ ಅವನು ಅಜ್ಜಿಯನ್ನು ಅಮ್ಮ ಎಂದು ಕರೆಯುತ್ತಾನೆ, ಫೋನಿನಲ್ಲಿ ಇವರನ್ನು ಎಂತ ಕರೆಯುವುದೆಂದು ಗೊತ್ತಾಗದೆ ಸುಮ್ಮನಿರುತ್ತಾನೆ. ಊರಿನ ಕಡೆಗೆ ಟ್ರಾನ್ಸ್‌ಫರ್ ಬೇಕೆಂದು ಬಂದ ವಾರವೇ ಬರೆದು ಹಾಕಿದ್ದಾರೆ.

"ನನ್ನ ಅರ್ಜಿ ಮಲಯಾಳದಲ್ಲೇ ಉಂಟು" ಎಂದರು. "ಅದರಲ್ಲಿ ಒಂದು ತಪ್ಪೂ ಇಲ್ಲ. ಅದೂ ಆಫೀಸಿನಲ್ಲೇ ಉಂಟು."

ಹಾಳೆ ಮುಗಿದಾಗ ಅದರಲ್ಲಿ ಇದ್ದದ್ದು ಕೆಲವೇ ಸಾಲು. ಈ ಶಾಲೆ ಕನ್ನಡದಲ್ಲಿ ಕಲಿಸುತ್ತದೆ. ಲೆಕ್ಕದ ಶಿಕ್ಷಕಿಗೆ ಕನ್ನಡ ಬರುವುದಿಲ್ಲ. ಮಕ್ಕಳಿಗೆ ಪೇಟೆಯಲ್ಲಿ ವ್ಯವಹರಿಸುವಷ್ಟು ಮಲಯಾಳ ಗೊತ್ತು, ಲೆಕ್ಕ ಕಲಿಯುವಷ್ಟು ಗೊತ್ತಿಲ್ಲ. ದಯವಿಟ್ಟು ಕನ್ನಡ ಬರುವ ಲೆಕ್ಕದ ಶಿಕ್ಷಕರನ್ನು ಕಳಿಸಿ, ಈಗಿನ ಶಿಕ್ಷಕಿಯನ್ನು ಅವರ ಊರಿನ ಜಿಲ್ಲೆಗೆ ವರ್ಗಾಯಿಸಿ. ಅಷ್ಟೇ. ಸೌಮ್ಯಶ್ರೀಗೆ ಇಂಗ್ಲಿಷಿನಲ್ಲಿ ಓದಿದ್ದು ಒಂದೇ ಸಲಕ್ಕೆ ಅರ್ಥವಾದದ್ದು ಜೀವನದಲ್ಲಿ ಅದೇ ಮೊದಲು. ಅವಳು ಖುಷಿಯಲ್ಲಿ ಎದ್ದಳು. ಟೀಚರಿಗೂ ಖುಷಿ. ಇಬ್ಬರಿಗೂ ಬೇಕಾದ್ದು ಒಂದೇ ಆಗಿತ್ತು.

ಅಂಗಡಿಗೆ ಬಂದು ಹೊಡೆದಳು. ಕಂಪ್ಯೂಟರಿನಲ್ಲಿ ಅದನ್ನು ಇಡಲು ಜಾಗ ನೋಡುವಾಗ ಹಳೆಯ ಅರ್ಜಿಗಳ ಸಾಲು ಕಂಡಿತು. ಅದರಲ್ಲೊಂದು ಇಂಗ್ಲಿಷ್ ಟೀಚರ ಬಗ್ಗೆ. ಹಿಂದೆ ಇದ್ದ ಇಂಗ್ಲಿಷ್ ಟೀಚರು ಯಾವಾಗಲೂ ರಜೆ, ಅವರನ್ನು ಬದಲಾಯಿಸಿ ಎಂದು ಊರಿನವರು ಬರೆದದ್ದು. ಅದೂ ಸಣ್ಣದಾಗಿ, ನೇರವಾಗಿತ್ತು, ಭಟ್ಟರು ಆಗ ಮೊಣಕಾಲು ನೋವಿನಲ್ಲಿ ಮಲಗಿದ್ದರು. ಆಫೀಸಿನವರು ಕೇಳಿದ್ದನ್ನು ಮಾಡಿದರು. ಟೀಚರನ್ನು ಬದಲಾಯಿಸಿದರು. ಆ ಕುರ್ಚಿಯಲ್ಲಿ ಇವತ್ತಿನ ವರೆಗೆ ಯಾರೂ ಕೂತಿಲ್ಲ.

ಸೌಮ್ಯಶ್ರೀ ಪ್ರಿಂಟಿನ ಮೇಲೆ ಕೈ ಇಟ್ಟವಳು ತೆಗೆದಳು.

ಪ್ರಸೀದ ಟೀಚರ ಅರ್ಜಿ ಒಳ್ಳೆಯದಿತ್ತು. ಅಷ್ಟು ಒಳ್ಳೆಯದಿದ್ದರೆ ಆಫೀಸಿನವರು ಓದುತ್ತಾರೆ, ಓದಿದರೆ ಮಾಡುತ್ತಾರೆ, ಮಾಡುವುದಾದರೆ ಸುಲಭದ್ದನ್ನು ಮೊದಲು ಮಾಡುತ್ತಾರೆ. ಕಳಿಸುವುದು ಸುಲಭ. ತರುವುದು ಕಷ್ಟ. ಮಾರ್ಚಿನ ಪರೀಕ್ಷೆಗೆ ಮಗಳು ಅರ್ಥವಾಗದ ಟೀಚರನ್ನೂ ಬಿಟ್ಟು ಖಾಲಿ ಬೋರ್ಡು ನೋಡಿಕೊಂಡು ಹೋಗಬೇಕು. ಭಟ್ಟರ, ಕಜೆತಾನರ ಮೂರು ಪುಟವೂ ಅಲ್ಲೇ ಇತ್ತು. ಅದನ್ನು ಕಳಿಸಿದರೆ ಎಂತದ್ದೂ ಆಗುವುದಿಲ್ಲ ಎಂಬುದು ಖಂಡಿತ. ಎಂತದ್ದೂ ಆಗದೆ ಇರುವುದು ಸಹ ಈಗ ಒಂದು ಉಪಕಾರದ ಹಾಗೆ ಕಂಡಿತು. ಇರುವ ಟೀಚರಾದರೂ ಉಳಿಯುತ್ತಾರೆ.

ಎರಡು ದಿನ ಅವಳು ಯಾವುದನ್ನೂ ಕಳಿಸಲಿಲ್ಲ. ಕರೆಂಟಿಲ್ಲ ಎಂದು ಭಟ್ಟರಿಗೆ ಹೇಳಿದಳು. ಭಟ್ಟರ ಮನೆಯಲ್ಲಿ ಕರೆಂಟಿತ್ತು, ಆದರೂ ನಂಬಿದರು.

ಮತ್ತೆ ಅವಳೇ ಒಂದು ಸಾಲು ಬರೆದಳು. ಬೇರೆಯವರು ಬರೆದದ್ದಕ್ಕೆ ತನ್ನ ಸಾಲು ಸೇರಿಸಿದ್ದು ಅದು ಮೊದಲು. ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡು, ಶಬ್ದ ಶಬ್ದಕ್ಕೆ ಇಂಗ್ಲಿಷ್ ಇಟ್ಟಳು. 'ನ್ಯೂ ಟೀಚರ್ ಕಮಿಂಗ್ ಆಫ್ಟರ್ ಓನ್ಲಿ, ದಿಸ್ ಟೀಚರ್ ಗೋ.' ಹೊಸ ಟೀಚರು ಬಂದ ಮೇಲೆ ಮಾತ್ರ ಈ ಟೀಚರು ಹೋಗುವುದು. ಹಾಗೆಯೇ ಸಹಿ ಹಾಕಿಸಿ ಕಳಿಸಬಹುದಿತ್ತು. ಭಟ್ಟರು ಉದ್ದ ಇಲ್ಲ ಎಂದು ಬೇಸರಪಡುತ್ತಿದ್ದರೇ ಹೊರತು ಒಳಗೆ ಎಂತ ಉಂಟೆಂದು ನೋಡುತ್ತಿರಲಿಲ್ಲ. ಅವಳು ಹಾಳೆಯನ್ನು ಚೀಲಕ್ಕೆ ಹಾಕಿ ಪುನಃ ಕಜೆತಾನರ ಮನೆಯ ಹಿಂದಕ್ಕೆ ಹೋದಳು.

ಟೀಚರ್ ನಿಂತಲ್ಲೇ ಓದಿದರು. ಕೊನೆಯ ಸಾಲಿಗೆ ಬಂದ ಮೇಲೆ ಕೂತರು.

"ಇದು ಯಾರು ಬರೆದದ್ದು?"

"ನಾನು."

"ನನಗೆ ತೋರಿಸದೆ ಕಳಿಸಬಹುದಿತ್ತಲ್ಲ."

"ನಿಮ್ಮನ್ನು ಹಿಡಿದು ನಿಲ್ಲಿಸುವ ಮಾತು ಅದು ಟೀಚರೇ. ನಿಮಗೆ ಹೇಳದೆ ಕಳಿಸಿ, ನಾಳೆ ಮಗಳನ್ನು ನಿಮ್ಮ ಕ್ಲಾಸಿಗೆ ಹೇಗೆ ಕಳಿಸುವುದು?"

ಟೀಚರ್ ಹಾಳೆಯನ್ನು ಮಂಚದ ಮೇಲಿಟ್ಟು, ಅದರ ಮೂಲೆ ಏಳದ ಹಾಗೆ ಕೈಯಲ್ಲಿ ಒತ್ತಿದರು. ಅವರು ಯಾರನ್ನೂ ಕಳಿಸದಿದ್ದರೆ ನಾನು ಯಾವಾಗ ಹೋಗುವುದು ಎಂದು ಕೇಳಿದರು. ಸೌಮ್ಯಶ್ರೀ ಗೊತ್ತಿಲ್ಲ ಎಂದಳು. ಇಂಗ್ಲಿಷ್ ಟೀಚರ ಕತೆ ಹೇಳಿದಳು. ಅದನ್ನೂ ತಾನೇ ಟೈಪ್ ಮಾಡಿದ್ದು ಎಂದಳು. ಟೀಚರಿಗೆ ಆ ಖಾಲಿ ಕುರ್ಚಿ ಗೊತ್ತಿತ್ತು, ಸ್ಟಾಫ್ ರೂಮಿನಲ್ಲಿ ಅವರ ಚೀಲ ಇಡುವುದು ಅದರ ಮೇಲೆಯೇ.

"ನನ್ನ ಮಗನಿಗೆ ನಾಲ್ಕು ವರ್ಷ" ಎಂದರು ಟೀಚರ್.

"ನನ್ನ ಮಗಳಿಗೆ ಮಾರ್ಚಿನಲ್ಲಿ ಪರೀಕ್ಷೆ" ಎಂದಳು ಸೌಮ್ಯಶ್ರೀ. ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಆದರೆ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಆಚೆ ಅಡುಗೆಕೋಣೆಯಲ್ಲಿ ಡೈಸಿಯ ಕುಕ್ಕರು ಕೂಗಿತು. ಮತ್ತೆ ಟೀಚರ್ ಈ ವಾಕ್ಯ ಹೀಗೆ ಹೋಗಲಿಕ್ಕೆ ಆಗುವುದಿಲ್ಲ ಎಂದು ಕೆಂಪು ಪೆನ್ನು ತೆಗೆದರು. ಸೌಮ್ಯಶ್ರೀಯ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದರು. ಸೌಮ್ಯಶ್ರೀ ಚೀಲ ಹುಡುಕಿ ಎದ್ದಳು. ಅವರದ್ದು ತಪ್ಪು ಎನ್ನಲಿಕ್ಕೆ ಆಗುವುದಿಲ್ಲ, ತಾನಾದರೂ ಅದನ್ನೇ ಮಾಡುತ್ತಿದ್ದೆ ಎಂದುಕೊಂಡಳು.

"ಕೂತುಕೊಳ್ಳಿ" ಎಂದರು ಟೀಚರ್. ಅವರು ಗೆರೆಯ ಕೆಳಗೆ ಬರೆಯುತ್ತಿದ್ದರು. "ಇದನ್ನು ಓದಿದ ಕ್ಲಾರ್ಕು ನಮಗೆ ಅರ್ಥವಾಗಲಿಲ್ಲ ಅಂತ ಹೇಳಲಿಕ್ಕೆ ಆಗಬಾರದು."

ಬರೆದರು, ಹೊಡೆದರು, ಪುನಃ ಬರೆದರು. ಒಂದು ಶಬ್ದವನ್ನು ಹಿಂದಿನಿಂದ ತೆಗೆದು ಮುಂದೆ ಇಟ್ಟರು. ಬದಲಿ ಶಿಕ್ಷಕರು ಕೆಲಸಕ್ಕೆ ಹಾಜರಾಗುವ ತನಕ ಈಗಿನ ಶಿಕ್ಷಕಿಯನ್ನು ಬಿಡುಗಡೆ ಮಾಡಬಾರದು. ಆ ಅರ್ಜಿಯಲ್ಲಿ ಅದಕ್ಕಿಂತ ಗಟ್ಟಿಯಾದ ವಾಕ್ಯ ಬೇರೆ ಇರಲಿಲ್ಲ. ಎಲ್ಲಿಂದ ಹಿಡಿದರೂ ಅದರಿಂದ ಜಾರಿ ಹೊರಗೆ ಹೋಗಲು ದಾರಿ ಇರಲಿಲ್ಲ, ಬರೆದವರಿಗೂ ಇರಲಿಲ್ಲ. ಕೊನೆಗೆ ಇನ್ನೊಂದು ಸಣ್ಣ ಮಾತು ಸೇರಿಸಿದರು, ಈ ಬದಲಿ ಕ್ರಿಸ್ಮಸ್ ಪರೀಕ್ಷೆಗೆ ಮೊದಲು ಆಗಬೇಕು ಎಂದು. ಅದನ್ನು ಬರೆಯುವಾಗ ಪೆನ್ನು ಅಷ್ಟು ಒತ್ತಲಿಲ್ಲ. ಇದು ನನಗೆ ಎಂದರು.

ಸಹಿಗೆ ತೆಗೆದುಕೊಂಡು ಹೋದಾಗ ಭಟ್ಟರು ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದರು. ಹಿಂದೆ ಎಂತದ್ದೂ ಇರಲಿಲ್ಲ. ಇದಕ್ಕೆ ಸಹಿ ಹಾಕಿದರೆ ನಾವು ಜಗಳಕ್ಕೆ ಬಂದವರ ಹಾಗೆ ಕಾಣ್ತದೆ ಮಾರಾಯ್ತಿ, ಒಂದು ನಮಸ್ಕಾರ ಬೇಡವಾ ಎಂದರು. ಲಗತ್ತು ಇಲ್ಲದ ಅರ್ಜಿಗೆ ತೂಕ ಇರುವುದಿಲ್ಲ ಎಂದು ಕಜೆತಾನ್. ಟೀಚರು ನೋಡಿದ್ದು ಎಂದಳು ಸೌಮ್ಯಶ್ರೀ. ಅದರ ಮೇಲೆ ಮಾತಿಲ್ಲ. ಇಬ್ಬರೂ ತಪ್ಪು ಹುಡುಕಿದರು, ಹುಡುಕಿದಷ್ಟು ಹೊತ್ತು ಸೌಮ್ಯಶ್ರೀ ನಿಂತಳು. ಕೊನೆಗೆ ಭಟ್ಟರು ಸಹಿ ಹಾಕಿದರು, ಅದರ ಕೆಳಗೆ ಕಜೆತಾನ್ ಹಾಕಿದರು, ಅದರ ಕೆಳಗೆ ಎಲ್ಲ ಪೋಷಕರು.

ಉತ್ತರ ಓಣಂ ರಜೆ ಮುಗಿದ ಮೇಲೆ ಬಂತು, ಇಂಗ್ಲಿಷಿನಲ್ಲೇ. ಕೋರಿಕೆಯನ್ನು ಒಪ್ಪಲಾಗಿದೆ. ಕನ್ನಡ ಬರುವ ಶಿಕ್ಷಕರನ್ನು ನೇಮಿಸಲು ಕ್ರಮ ಕೈಗೊಳ್ಳಲಾಗುವುದು. ಅದರ ಕೆಳಗೆ, ಬದಲಿ ಶಿಕ್ಷಕರು ಕೆಲಸಕ್ಕೆ ಹಾಜರಾಗುವ ತನಕ ಈಗಿನ ಶಿಕ್ಷಕಿಯನ್ನು ಬಿಡುಗಡೆ ಮಾಡಬಾರದು. ಟೀಚರ ವಾಕ್ಯವನ್ನು ಆಫೀಸಿನವರು ಒಂದು ಅಕ್ಷರ ಬದಲಾಯಿಸದೆ ಇಳಿಸಿಕೊಂಡಿದ್ದರು. ಕ್ರಿಸ್ಮಸ್ಸಿನ ಮಾತು ಮಾತ್ರ ಬಿಟ್ಟುಹೋಗಿತ್ತು.

ಝೆರಾಕ್ಸ್ ಮಾಡಿಸಲು ಆ ಕಾಗದವನ್ನು ಅಂಗಡಿಗೆ ತಂದದ್ದು ಟೀಚರೇ. ಮೆಷಿನಿನ ಬೆಳಕು ಆಚೆಯಿಂದ ಈಚೆಗೆ ಹೋಗುವುದನ್ನು ನೋಡುತ್ತಾ ನಿಂತರು. ಸೌಮ್ಯಶ್ರೀ ಪ್ರತಿ ತೆಗೆದು ಅಂಚು ಸರಿಮಾಡಿದಳು. ಬೈದಿದ್ದರೆ ಬೈಸಿಕೊಳ್ಳಲು ತಯಾರಿದ್ದಳು. ಟೀಚರ್ ಬೈಯಲಿಲ್ಲ. ಭಾನುವಾರ ಮಗಳನ್ನು ಕಳಿಸಿ ಎಂದರು. ಎಷ್ಟು ತಿಂಗಳು ಎಂದು ಗೊತ್ತಿಲ್ಲದಿದ್ದರೆ ಕನ್ನಡ ಕಲಿಯದೆ ಕೂತುಕೊಳ್ಳುವುದಕ್ಕೆ ಅರ್ಥ ಇಲ್ಲ. ನಾನು ಲೆಕ್ಕ ಹೇಳುತ್ತೇನೆ, ಅವಳು ಅದನ್ನು ಕನ್ನಡದಲ್ಲಿ ನನಗೆ ಹೇಳಲಿ. ಅವಳು ನನಗೆ ಹೇಳಬೇಕಾದರೆ ಅವಳಿಗೆ ಅರ್ಥವಾಗಿರಬೇಕಲ್ಲ.

ಅನ್ವಿತಾ ಮೊದಲ ಭಾನುವಾರ ಗೊಣಗಿಕೊಂಡು ಹೋದಳು. ಎರಡನೆಯ ಭಾನುವಾರ ಡಿಯೋನನ್ನೂ ಕರೆದಳು, ಮನೆ ಅವನದ್ದೇ ಆದ್ದರಿಂದ ಅವನಿಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ನವೆಂಬರಿನಲ್ಲಿ ಟೀಚರ್ ಕ್ಲಾಸಿನಲ್ಲಿ ಕನ್ನಡದಲ್ಲಿ ಲೆಕ್ಕ ಬಿಡಿಸುತ್ತಿದ್ದರು. ವಚನ ತಪ್ಪುತ್ತಿತ್ತು, ಲಿಂಗ ತಪ್ಪುತ್ತಿತ್ತು, ತ್ರಿಕೋನ ಬಂದಳು ಎನ್ನುತ್ತಿದ್ದರಂತೆ. ಮಕ್ಕಳು ನಗುತ್ತಿದ್ದರು, ನಗುತ್ತಲೇ ಬರೆದುಕೊಳ್ಳುತ್ತಿದ್ದರು. ಡಿಸೆಂಬರು ಬಂತು. ಹೊಸ ಟೀಚರು ಬರಲಿಲ್ಲ.

ಕ್ರಿಸ್ಮಸ್ ಪರೀಕ್ಷೆಯ ಹಿಂದಿನ ಭಾನುವಾರ ಸೌಮ್ಯಶ್ರೀ ಮಗಳನ್ನು ಕರೆದುಕೊಂಡು ಹೋಗಲು ಬಂದಳು. ಒಳಗೆ ಟೀಚರ ಫೋನಿನಲ್ಲಿ ಮಗುವಿನ ಸ್ವರ ಕೇಳುತ್ತಿತ್ತು. ಮೆಟ್ಟಿಲಿನ ಹತ್ತಿರವೇ ನಿಂತಳು. ಕಿಟಿಕಿಯಿಂದ ಅನ್ವಿತಾ ಪೆನ್ಸಿಲು ಹಿಡಿದು ಕಾಯುತ್ತಾ ಕೂತದ್ದು ಕಾಣುತ್ತಿತ್ತು. ಮಗು ಬೇಗ ಬೇಗ ಮಾತಾಡುತ್ತಿತ್ತು, ಎಲ್ಲ ಹಿಡಿಯಲು ಸೌಮ್ಯಶ್ರೀಗೆ ಆಗಲಿಲ್ಲ. ಯಾವಾಗ ಬರುವುದು ಎಂದು ಕೇಳಿದ್ದು ಗೊತ್ತಾಯಿತು. ರಜೆಗೆ ಬರುತ್ತೇನೆ, ಪೂರ್ತಿ ಬರುವುದು ಟೀಚರು ಬಂದ ಮೇಲೆ ಎಂದರು ಪ್ರಸೀದ ಟೀಚರ್.

"ನೀನೇ ಟೀಚರ್ ಅಲ್ವಾ?" ಎಂದು ಮಗು ಕೇಳಿತು.

ಅವರು ಫೋನಿಗೆ ಒಂದು ಮುತ್ತು ಕೊಟ್ಟು ಅದನ್ನು ಬೋರಲು ಹಾಕಿ ಇಟ್ಟರು, ಎರಡೂ ಕೈಯಲ್ಲಿ ಮುಖ ಒರೆಸಿಕೊಂಡು ಪುಸ್ತಕವನ್ನು ತಮ್ಮ ಕಡೆಗೆ ಎಳೆದರು.

"ಮುಂದಿನ ಲೆಕ್ಕ ಓದು ಅನ್ವಿತಾ" ಎಂದರು ಕನ್ನಡದಲ್ಲಿ. ಅನ್ವಿತಾ ಓದಿದಳು. ಸೌಮ್ಯಶ್ರೀ ಒಳಗೆ ಹೋಗಲಿಲ್ಲ. ಲೆಕ್ಕ ಮುಗಿಯುವ ವರೆಗೆ ಮೆಟ್ಟಿಲ ಮೇಲೆ ಕೂತಳು.